ಮಣಿಕಟ್ಟಿನ ಸಂಗವ್ವ

ಮಣಿಕಟ್ಟಿನಲ್ಲಿ ಎಂಟು ಎಲುಬುಗಳಿವೆ ಎಂಬ ಸಂಗತಿ ರೊಟ್ಟಿ ಬಡಿಯುವಾಗ ಯಾರಿಗೂ ನೆನಪಾಗುವುದಿಲ್ಲ, ನೆನಪಾಗದಿದ್ದರೆ ರೊಟ್ಟಿಗೇನೂ ನಷ್ಟವಿಲ್ಲ. ಆದರೆ ಮನೆಯಲ್ಲೊಬ್ಬರು ಎಂಬಿಬಿಎಸ್ ಮೊದಲ ವರ್ಷದಲ್ಲಿದ್ದರೆ ಆ ಎಂಟೂ ಎಲುಬುಗಳು ಬಂದು ಪಡಸಾಲೆಯಲ್ಲೇ ಬೀಡುಬಿಡುತ್ತವೆ. ಬೆಳಗಾವಿಯಲ್ಲಿ ಓದುವ ನಮ್ಮಣ್ಣನ ಮಗಳು ರಜೆಗೆಂದು ಬೈಲಹೊಂಗಲಕ್ಕೆ ಬಂದವಳು, ಸ್ಕೇಫಾಯ್ಡ್, ಲೂನೇಟ್, ಟ್ರೈಕ್ವೆಟ್ರಲ್, ಪಿಸಿಫಾರ್ಮ್, ಟ್ರೆಪೀಜಿಯಂ, ಟ್ರೆಪಿಝಾಯ್ಡ್, ಕ್ಯಾಪಿಟೇಟ್, ಹ್ಯಾಮೇಟ್ ಎನ್ನುತ್ತ ಅತ್ತಿಂದಿತ್ತ ಅಡ್ಡಾಡುತ್ತಿದ್ದರೆ, ನಮ್ಮವ್ವ ಅಕ್ಕಿ ಆರಿಸುವುದನ್ನು ಬಿಟ್ಟು, “ಇದ್ಯಾವ ದೇವರ ಹೆಸರ ಹೇಳಾಕತ್ತೀಯ ಯವ್ವಾ?” ಎಂದು ಕೇಳಿದಳು.

ಇಂಥ ನಾಮಾವಳಿಗಳನ್ನು ಹಿಡಿದಿಡಲು ವೈದ್ಯ ವಿದ್ಯಾರ್ಥಿಗಳಲ್ಲಿ ಇಂಗ್ಲಿಷ್ ವಾಕ್ಯಗಳ ದೊಡ್ಡ ಭಂಡಾರವೇ ಇದೆ. ಪ್ರತಿ ಪದದ ಮೊದಲಕ್ಷರ ಒಂದೊಂದು ಎಲುಬು, ಒಂದೊಂದು ನರ. ಸೀನಿಯರುಗಳಿಂದ ಜೂನಿಯರುಗಳಿಗೆ ಗುರುಶಿಷ್ಯ ಪರಂಪರೆಯಂತೆ ಇಳಿದು ಬರುವ ಆ ವಾಕ್ಯಗಳಲ್ಲಿ ಕೆಲವನ್ನು ಹಿರಿಯರ ಮುಂದೆ ಹೇಳುವಂತಿಲ್ಲ. ನಮ್ಮ ಹುಡುಗಿಯದು ಮಾತ್ರ ಮನೆಯ ಮಾತು: “ಸಂಗವ್ವಾ, ಲಗೂನ ತಾಟಿನ್ಯಾಗ ಪಲ್ಯಾ ತಾ, ತುಪ್ಪಾ ಕಾಸಿ ಹಾಕು.” ಎಂಟು ಮಾತು, ಎಂಟು ಎಲುಬು. ಸಂಗವ್ವನಿಂದ ಪಲ್ಯದವರೆಗೆ ಮೊದಲ ಸಾಲು, ಹೆಬ್ಬೆರಳ ಕಡೆಯಿಂದ ಕಿರುಬೆರಳಿನ ಕಡೆಗೆ. ಮತ್ತೆ ಹೆಬ್ಬೆರಳ ಕಡೆಗೇ ಬಂದು ‘ತಾ’ ಎಂದು ಹಿಡಿದರೆ ಎರಡನೆಯ ಸಾಲು.

ನನಗಂತೂ ಇದು ಬಹಳ ಹಿಡಿಸಿತು, ಯಾಕೆಂದರೆ ನಮ್ಮ ಜನ ಕಂಠವನ್ನೇ ಗ್ರಂಥಾಲಯ ಮಾಡಿಕೊಂಡು ಬಂದವರು. ಹೈಸ್ಕೂಲಿನ ಛಂದಸ್ಸಿನ ಪಾಠದಲ್ಲಿ ‘ಯಮಾತಾರಾಜಭಾನಸಲಗಂ’ ಎಂಬ ಒಂದೇ ಉಸಿರಿನಲ್ಲಿ ಎಂಟು ಗಣಗಳೂ ಸಿಕ್ಕುತ್ತಿದ್ದವು. ಅದಕ್ಕೂ ಮೊದಲು, ಕನ್ನಡ ಶಾಲೆಯ ಜಗಲಿಯಲ್ಲಿ ಕೂತು, ಮುಷ್ಟಿ ಹಿಡಿದು, ಗೆಣ್ಣಿನ ಮೇಲೆ ಬಂದ ತಿಂಗಳಿಗೆ 31 ದಿನ, ತಗ್ಗಿಗೆ ಬಿದ್ದದ್ದಕ್ಕೆ ಕಡಿಮೆ ಎಂದು ಎಣಿಸುತ್ತಿದ್ದೆವು. ಆ ಗೆಣ್ಣುಗಳು ಅಂಗೈಯೊಳಗಿನ ಎಲುಬುಗಳ ತಲೆಗಳೆಂದು ಈಗ ಇವಳು ಹೇಳಿದ ಮೇಲೆ, ಪಂಚಾಂಗವನ್ನೇ ಕಲಿಸಿದ ಕೈಯನ್ನು ಕಲಿಯಲು ಒಂದು ಪಲ್ಯದ ತಾಟು ಬೇಕಾಯಿತಲ್ಲ ಎಂದು ಖುಷಿಯಾಯಿತು.

ಆದರೆ ಸೂತ್ರ ಹೇಳುವುದು ಮೊದಲಕ್ಷರಗಳ ಸರದಿಯನ್ನಷ್ಟೇ. ಟ್ರೆಪೀಜಿಯಂ ಮೊದಲೋ ಟ್ರೆಪಿಝಾಯ್ಡ್ ಮೊದಲೋ ಎಂಬುದನ್ನು ಸಂಗವ್ವ ಹೇಳುವುದಿಲ್ಲ. ಹೆಬ್ಬೆರಳಿನ ಬುಡವನ್ನು ಮುಟ್ಟಿ, ಅದನ್ನು ಹೊತ್ತ ಎಲುಬೇ ಟ್ರೆಪೀಜಿಯಂ ಎಂದು ಬೆರಳೇ ಕಲಿಯಬೇಕು. ಹೆಬ್ಬೆರಳನ್ನು ಹಿಂದಕ್ಕೆ ಸೆಟೆಸಿ ನೋಡಿ, ಬುಡದಲ್ಲಿ ಎರಡು ಸ್ನಾಯುರಜ್ಜುಗಳ ನಡುವೆ ಒಂದು ಕುಳಿ ಕಾಣುತ್ತದೆ. ನಮ್ಮಜ್ಜ ನಶ್ಯ ಸುರಿದುಕೊಳ್ಳುತ್ತಿದ್ದದ್ದು ಅಲ್ಲಿಯೇ, ಪಾಠಪುಸ್ತಕಗಳಲ್ಲೂ ಅದಕ್ಕೆ ನಶ್ಯದ ಡಬ್ಬಿಯೆಂದೇ ಹೆಸರು. ಆ ಕುಳಿಯ ತಳದಲ್ಲಿ ಮಲಗಿರುವವಳೇ ಸಂಗವ್ವ, ಅಂದರೆ ಸ್ಕೇಫಾಯ್ಡ್. ಜಾರಿ ಕೈಯೂರಿ ಬಿದ್ದಾಗ ಮುರಿಯುವುದು ಹೆಚ್ಚಾಗಿ ಅವಳೇ, ಮತ್ತು ರಕ್ತ ಬಹುಪಾಲು ಬೆರಳ ಕಡೆಯ ತುದಿಯಿಂದ ಒಳಬರುವುದರಿಂದ ನಡುವೆ ಮುರಿದರೆ ಕೂಡುವುದು ತಡ. ಹಾಗಾಗಿ ಆ ಕುಳಿಯಲ್ಲಿ ಒತ್ತಿದಾಗ ನೋವಾದರೆ ವೈದ್ಯರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಮುಟ್ಟಿ ಕಲಿಯುವ ಈ ಮಾತು ಹಳೆಯದು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಕಳೇಬರವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿವ ನೀರಿನಲ್ಲಿ ಏಳು ರಾತ್ರಿ ನೆನೆಸಿ, ಆಮೇಲೆ ಲಾವಂಚ, ಬಿದಿರುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಪದರ ಪದರವಾಗಿ ನೋಡಬೇಕೆಂಬ ವಿಧಾನವಿದೆ. ಚರಕನ ಲೆಕ್ಕಕ್ಕೆ ಎಲುಬು 360. ಹಲ್ಲು, ಮೃದ್ವಸ್ಥಿಗಳನ್ನೂ ಸೇರಿಸಿಕೊಂಡ ಸುಶ್ರುತನ ಲೆಕ್ಕಕ್ಕೆ 300. ಇಂದಿನ ಪುಸ್ತಕಕ್ಕೆ 206. ಆಯುರ್ವೇದ ಓದುವವರು ಮೂರನ್ನೂ ನೆನಪಿಡಬೇಕು, ಅವರ ಮೇಲೆ ನನಗೆ ವಿಶೇಷ ಗೌರವ.

ಆಯುರ್ವೇದ ಎಂದೊಡನೆ ನಮ್ಮೂರಿನವರಿಗೆ ನೆನಪಾಗುವವರು ಡಾ. ಬಸವಣ್ಣೆಪ್ಪ ರಾಮಣ್ಣವರ. ತಮ್ಮ ದೇಹ ವೈದ್ಯ ವಿದ್ಯಾರ್ಥಿಗಳ ಕಲಿಕೆಗೆ ಸಲ್ಲಲಿ ಎಂದು ಬರೆದಿಟ್ಟು 2008ರ ನವೆಂಬರ್ 13ರಂದು ತೀರಿಕೊಂಡರು. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಮಹಾವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರು. 2010ರಲ್ಲಿ, ಅದೇ ನವೆಂಬರ್ 13ರಂದು, ವಿದ್ಯಾರ್ಥಿಗಳ ಮುಂದೆ ತಂದೆಯ ದೇಹವನ್ನು ತಾವೇ ಛೇದಿಸಿ ಪಾಠ ಮಾಡಿದರು. ಸತ್ತವರಿಗೆ ಮಣ್ಣು ಕೊಡುವುದೇ ಕೊನೆಯ ಋಣವೆಂದು ನಂಬಿದ ಸೀಮೆ ಇದು. 1829ರಲ್ಲಿ ಇಲ್ಲಿಯೇ ಕೊನೆಯುಸಿರೆಳೆದ ಕಿತ್ತೂರು ಚನ್ನಮ್ಮನ ಸಮಾಧಿಗೆ ಇಂದಿಗೂ ಜನ ಬಂದು ಕೈಮುಗಿಯುತ್ತಾರೆ. ಅಂಥ ಊರಿನ ವೈದ್ಯರೊಬ್ಬರು ಸಮಾಧಿಯೇ ಬೇಡವೆಂದು, ಮುಂದಿನ ವೈದ್ಯರ ಬೆರಳಿಗೆ ತಮ್ಮ ಮೈಯನ್ನೇ ಪುಸ್ತಕವಾಗಿ ಬಿಚ್ಚಿಟ್ಟರು. ಆ ಮಗನ ಕೈ ಅಂದು ನಡುಗಿತೋ ಇಲ್ಲವೋ ಎಂದು ಊರಲ್ಲಿ ಮಾತಾಡಿಕೊಳ್ಳುತ್ತೇವೆ. ನನಗೆ ಮಾತ್ರ, ತಂದೆಯ ಮಾತು ನಡೆಸಲು ಅದಕ್ಕಿಂತ ಗಟ್ಟಿಯಾದ ಕೈ ಬೇಕಿರಲಿಲ್ಲ ಎನಿಸುತ್ತದೆ.

ದೇಹದಾನದ ಪತ್ರ ಬರೆದುಕೊಟ್ಟರೆ ಮುಗಿಯಿತು ಎಂದುಕೊಳ್ಳುವವರು ಬಹಳ. ಬರೆದವರು ಕಣ್ಣು ಮುಚ್ಚಿದ ಮೇಲೆ ಕಾಲೇಜಿಗೆ ಫೋನು ಮಾಡಬೇಕಾದವರು ಮನೆಯವರು, ಅದೂ ತಡಮಾಡದೆ; ಅವರು ಒಲ್ಲೆವೆಂದರೆ ಪತ್ರ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಹಾಗಾಗಿ ನಾನು ಮೊದಲು ಮನೆಯಲ್ಲಿ ಮಾತು ತೆಗೆದಿದ್ದೇನೆ. ಹೆಂಡತಿ ಹೂಂ ಎಂದಿದ್ದಾಳೆ, ಅಣ್ಣ ಇನ್ನೂ ವಿಚಾರ ಮಾಡುತ್ತಿದ್ದಾನೆ.