ಕಡಲು ದಾಟುವ ಕಾರು

ಚಳಿಗಾಲದಲ್ಲಿ ಗೋಕರ್ಣದ ಕಡಲ ದಂಡೆಗೋ ಹಂಪಿಗೋ ಹೋದವರಲ್ಲಿ ಕೆಲವರಾದರೂ ಈ ದೃಶ್ಯ ಕಂಡಿರುತ್ತೀರಿ. ಮರದ ನೆರಳಲ್ಲಿ ಲಾರಿಯಂಥ ಒಂದು ವಾಹನ, ಅದರ ಬೆನ್ನ ಮೇಲೆ ಪುಟ್ಟ ಮನೆ, ಕಿಟಕಿಗೆ ಪರದೆ, ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ. ನಂಬರ್ ಪ್ಲೇಟ್ ಮಾತ್ರ ನಮ್ಮದಲ್ಲ. ‘ಡಿ’ ಅಕ್ಷರವಿದ್ದರೆ ಜರ್ಮನಿ, ‘ಎಫ್’ ಇದ್ದರೆ ಫ್ರಾನ್ಸ್, ‘ಸಿಎಚ್’ ಇದ್ದರೆ ಸ್ವಿಟ್ಜರ್ಲೆಂಡ್. ಸುತ್ತ ನೆರೆದ ಹುಡುಗರು ಕೇಳುವ ಪ್ರಶ್ನೆ ಒಂದೇ: ಇದು ಇಲ್ಲಿಗೆ ಹೇಗೆ ಬಂತು?

ಒಂದು ಕಾಲದಲ್ಲಿ ಉತ್ತರ ಸರಳವಾಗಿತ್ತು. ಓಡಿಸಿಕೊಂಡೇ ಬಂದರು! 1957ರ ಏಪ್ರಿಲ್‌ನಲ್ಲಿ ಲಂಡನ್ ಬಿಟ್ಟ ‘ಇಂಡಿಯಾಮನ್’ ಎಂಬ ಬಸ್ಸು ಟರ್ಕಿ, ಇರಾನ್, ಪಾಕಿಸ್ತಾನಗಳನ್ನು ಹಾದು ಜೂನ್ ತಿಂಗಳಲ್ಲಿ ಕಲ್ಕತ್ತೆಗೆ ಬಂದು ನಿಂತಿತ್ತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಅದೇ ವರ್ಷದ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ದಾರಿ ಪೂರ್ತಿ ಮುಚ್ಚದಿದ್ದರೂ ಸೊರಗಿತು. 2021ರ ಫೆಬ್ರುವರಿಯಲ್ಲಿ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಪೂರ್ವದ ದಾರಿಯೂ ಕಷ್ಟವಾಯಿತು. 2025ರ ಏಪ್ರಿಲ್‌ನಲ್ಲಿ ಅಟ್ಟಾರಿಯ ಗಡಿ ಠಾಣೆಗೆ ಬೀಗ ಬಿತ್ತು. ಟಿಬೆಟ್ ಮೂಲಕ ಹೋಗುತ್ತೇವೆಂದರೆ ಚೀನಾದಲ್ಲಿ ಗೈಡ್ ಒಬ್ಬನನ್ನು ಉದ್ದಕ್ಕೂ ಜೊತೆಗಿಟ್ಟುಕೊಳ್ಳಬೇಕು, ಅಲ್ಲಿನ ತಾತ್ಕಾಲಿಕ ಲೈಸೆನ್ಸು, ನಂಬರ್ ಪ್ಲೇಟು ಪಡೆಯಬೇಕು. ಹೀಗಾಗಿ ನಮ್ಮ ದೇಶಕ್ಕೆ ಕಾರು ತರುವವರಿಗೂ ಇಲ್ಲಿಂದ ಒಯ್ಯುವವರಿಗೂ ಉಳಿದ ಹೆದ್ದಾರಿಯೆಂದರೆ ಸಮುದ್ರವೇ.

ಕಡಲ ದಾರಿ ಹೊಸದೇನಲ್ಲ. 1968ರ ನವೆಂಬರಿನಲ್ಲಿ ಲಂಡನ್–ಸಿಡ್ನಿ ಮ್ಯಾರಥಾನ್ ಎಂಬ ಕಾರು ಸ್ಪರ್ಧೆ ಆರಂಭವಾಯಿತು. ಲಂಡನ್ನಿನಿಂದ ಮುಂಬೈವರೆಗೆ ನೆಲದ ಮೇಲೆ ಓಟ. ಮುಂಬೈಯಲ್ಲಿ ಎಪ್ಪತ್ತರಷ್ಟು ಕಾರುಗಳನ್ನು ‘ಚೂಸಾನ್’ ಎಂಬ ಪ್ರಯಾಣಿಕರ ಹಡಗಿಗೆ ಏರಿಸಿ ಆಸ್ಟ್ರೇಲಿಯದ ಫ್ರೀಮಾಂಟಲ್ ಬಂದರಿನಲ್ಲಿ ಇಳಿಸಿದರು. ಚಾಲಕರಲ್ಲಿ ಬಹುಮಂದಿ ಅದೇ ಹಡಗಿನಲ್ಲಿ ಹಾಯಾಗಿ ನಿದ್ದೆ ಮಾಡುತ್ತ ಹೋದರು. ಆ ಭಾಗ್ಯ ಈಗಿಲ್ಲ. ಈಗ ಕಾರು ಸರಕಿನ ಹಡಗಿನಲ್ಲಿ, ಯಜಮಾನರು ವಿಮಾನದಲ್ಲಿ.

ಸಾಗಿಸುವ ಬಗೆ ಮುಖ್ಯವಾಗಿ ಎರಡು. ಒಂದು, ಕಾರಿಗಾಗಿಯೇ ಕಟ್ಟಿದ ಹಡಗು. ಅದರ ಹೊಟ್ಟೆಯೊಳಗೆ ಹತ್ತಾರು ಅಂತಸ್ತು. ಬಂದರಿನ ನೌಕರರು ಕಾರನ್ನು ಓಡಿಸಿಕೊಂಡೇ ಒಳಗೆ ಹೋಗಿ ನಿಲ್ಲಿಸುತ್ತಾರೆ. ಚೆನ್ನೈ ಬಂದರಿನಿಂದ ಹೊಸ ಕಾರುಗಳು ಹೊರದೇಶಕ್ಕೆ ಹೋಗುವುದು ಹೀಗೆಯೇ. ಎತ್ತರದ ವಾಹನಕ್ಕೆ ಇದೇ ಅನುಕೂಲ. ಆದರೆ ಕೀಲಿಕೈಯನ್ನು ಬಿಟ್ಟುಕೊಡಬೇಕು. ಗಾಜಿನ ಹಿಂದೆ ಕಾಣುವಂತೆ ಏನಾದರೂ ಬಿಟ್ಟಿದ್ದರೆ ಅದು ಮಾಯವಾಗುವುದೂ ಉಂಟು.

ಇನ್ನೊಂದು ಬಗೆ ಕಂಟೇನರ್. ಇಪ್ಪತ್ತು ಅಡಿಯ ಪೆಟ್ಟಿಗೆಯ ಒಳ ಉದ್ದ ಸುಮಾರು 5.9 ಮೀಟರ್, ಅಗಲ 2.35 ಮೀಟರ್, ಬಾಗಿಲಿನ ಎತ್ತರ 2.28 ಮೀಟರ್. ನಮ್ಮ ಕಾರುಗಳಲ್ಲಿ ಹೆಚ್ಚಿನವು ಇದರೊಳಗೆ ಆರಾಮವಾಗಿ ಹಿಡಿಸುತ್ತವೆ. ಹಿಡಿಸದಿರುವುದು ಚಾಲಕನಿಗೆ! 1.8 ಮೀಟರ್ ಅಗಲದ ಕಾರನ್ನು ಒಂದು ಗೋಡೆಗೆ ಒತ್ತಿ ನಿಲ್ಲಿಸಿದರೂ ಬಾಗಿಲು ತೆರೆದು ಹೊರಬರಲು ಉಳಿಯುವುದು ಅರ್ಧ ಮೀಟರು. ಮನೆಯಲ್ಲಿ ಸಪೂರವಾಗಿರುವವರಿಗೆ ಈ ಕೆಲಸ ವಹಿಸುವುದು ಕ್ಷೇಮ. ಬಳಿಕ ಚಕ್ರಗಳಿಗೆ ಮರದ ಕಟ್ಟಿಗೆ ಕೊಟ್ಟು, ಪಟ್ಟಿಗಳಿಂದ ನೆಲಕ್ಕೆ ಬಿಗಿದು, ಬ್ಯಾಟರಿಯ ತಂತಿ ಕಳಚಿ, ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇಂಧನ ಉಳಿಸಿ ಬಾಗಿಲಿಗೆ ಮೊಹರು ಹಾಕುತ್ತಾರೆ. ಅಡುಗೆ ಅನಿಲದ ತುಂಬಿದ ಸಿಲಿಂಡರನ್ನು ಒಳಗಿಡುವಂತಿಲ್ಲ.

ಮೊದಲ ಬಗೆಯ ಹಡಗಿನಲ್ಲಿ ಬಾಡಿಗೆಯನ್ನು ಬಹುಮಟ್ಟಿಗೆ ಗಾತ್ರದ ಮೇಲೆ ಹಾಕುತ್ತಾರೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. 4.4 ಮೀಟರ್ ಉದ್ದ, 1.8 ಅಗಲ, 1.65 ಎತ್ತರದ ಕಾರು ಸುಮಾರು 13 ಘನ ಮೀಟರ್. ನೆತ್ತಿಯ ಮೇಲೆ 35 ಸೆಂಟಿಮೀಟರ್ ಎತ್ತರದ ಕ್ಯಾರಿಯರ್ ಕೂರಿಸಿದರೆ 16ರ ಹತ್ತಿರ. ಖಾಲಿ ಕ್ಯಾರಿಯರಿನೊಳಗಿನ ಗಾಳಿಗೂ ಬಾಡಿಗೆ! ಬಿಚ್ಚಿ ಒಳಗಿಡಲು ಬಂದರೆ ಅಷ್ಟು ಉಳಿಯಿತು. ಬಾಡಿಗೆಯೇ ಪೂರ್ತಿ ಖರ್ಚೆಂದು ತಿಳಿಯುವುದೂ ಬೇಡ. ಎರಡೂ ಬಂದರುಗಳ ಶುಲ್ಕ, ಏಜೆಂಟರ ಸಂಭಾವನೆ, ಕಾಗದ ತಡವಾದರೆ ದಿನಕ್ಕಿಷ್ಟೆಂದು ಏರುವ ಡೆಮರೇಜ್ ಇವೆಲ್ಲ ಸೇರಿದಾಗ ಎಷ್ಟೋ ಸಲ ಮೂಗಿಗಿಂತ ಮೂಗುತಿಯೇ ಭಾರ.

ವಿಮೆಯ ವಿಷಯದಲ್ಲಿ ಕೈ ಬಿಗಿ ಹಿಡಿಯಬಾರದು. 2022ರ ಫೆಬ್ರುವರಿಯಲ್ಲಿ ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ ಬಳಿ ‘ಫೆಲಿಸಿಟಿ ಏಸ್’ ಎಂಬ ಹಡಗಿಗೆ ಬೆಂಕಿ ಹತ್ತಿ, ಸುಮಾರು 4,000 ಕಾರುಗಳೊಂದಿಗೆ ಅದು ಮುಳುಗಿತು. ಮುಳುಗದಿದ್ದರೂ ತಾಪತ್ರಯ ತಪ್ಪದು. ಹಡಗನ್ನೂ ಸರಕನ್ನೂ ಉಳಿಸಲು ಆದ ನಷ್ಟವನ್ನು ಸರಕಿನ ಒಡೆಯರೆಲ್ಲರೂ ಹಂಚಿಕೊಳ್ಳಬೇಕೆಂಬ ಪುರಾತನ ಕಡಲ ನಿಯಮವೊಂದುಂಟು. ‘ಜನರಲ್ ಆವರೇಜ್’ ಎಂದು ಅದರ ಹೆಸರು. 2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಆರು ದಿನ ಸಿಕ್ಕಿಕೊಂಡ ‘ಎವರ್ ಗಿವನ್’ ಹಡಗಿನ ಮೇಲೆ ಈ ನಿಯಮ ಹೇರಲಾಯಿತು. ಅದರಲ್ಲಿ ಸರಕಿಟ್ಟವರು, ತಮ್ಮ ಪೆಟ್ಟಿಗೆಗೆ ಗೀರು ಕೂಡ ಬೀಳದಿದ್ದರೂ, ಭದ್ರತೆ ಒದಗಿಸದೆ ಅದನ್ನು ಬಿಡಿಸಿಕೊಳ್ಳುವಂತಿರಲಿಲ್ಲ.

ಇಷ್ಟೆಲ್ಲ ಹೇಳಿದರೂ ಈ ಪ್ರವಾಸದಲ್ಲಿ ನಿಜವಾಗಿ ಕಷ್ಟದ್ದು ಕಡಲಲ್ಲ, ಕಾಗದ. ನಮಗೆ ಪಾಸ್‌ಪೋರ್ಟ್ ಇದ್ದಂತೆ ಕಾರಿಗೆ ‘ಕಾರ್ನೆಟ್’ ಎಂಬ ಪುಸ್ತಕವಿದೆ. ಪಾಸ್‌ಪೋರ್ಟ್ ಎಂದು ಹೋಲಿಸುವುದು ವಾಡಿಕೆಯಾದರೂ ನನಗೇನೋ ಅದು ಜಾಮೀನು ಪತ್ರದಂತೆ ಕಾಣುತ್ತದೆ. ಅದರ ಒಂದೊಂದು ಹಾಳೆಯಲ್ಲೂ ಮೂರು ಭಾಗ. ದೇಶದೊಳಗೆ ಬರುವಾಗ ಕಸ್ಟಮ್ಸ್‌ನವರು ಒಂದು ತುಂಡು ಹರಿದುಕೊಳ್ಳುತ್ತಾರೆ, ಹೊರಹೋಗುವಾಗ ಇನ್ನೊಂದು. ಎರಡು ಮೊಹರು ಬಿದ್ದ ಮೂರನೆಯ ತುಂಡು ಪುಸ್ತಕದಲ್ಲೇ ಉಳಿಯುತ್ತದೆ. ಮೊಹರು ಎರಡೂ ಇದ್ದರೆ ಕಾರು ಬಂದದ್ದೂ ನಿಜ, ಹೋದದ್ದೂ ನಿಜ. ಒಂದೇ ಇದ್ದರೆ ಕಾರನ್ನು ಅಲ್ಲೇ ಮಾರಿದ್ದೀರೆಂಬ ಅನುಮಾನ.

ಆ ಅನುಮಾನಕ್ಕೆ ಕಾರಣವಿದೆ. ಹೊರಗಿನ ಕಾರಿಗೆ ಭಾರಿ ಆಮದು ಸುಂಕ ಹಾಕುವ ದೇಶಗಳಲ್ಲಿ, ಸುಂಕ ಕೊಡದೆ ಬಂದ ಕಾರನ್ನು ಗುಟ್ಟಾಗಿ ಮಾರಿದರೆ ದೊಡ್ಡ ಲಾಭ. ಭಾರತ, ಪಾಕಿಸ್ತಾನ, ಇರಾನ್, ಈಜಿಪ್ಟ್, ಜಪಾನ್ ಮುಂತಾದ ದೇಶಗಳು ಕಾರ್ನೆಟ್ ಕೇಳುತ್ತವೆ. ಅದನ್ನು ಕೊಡುವುದು ವಾಹನ ಸಂಘಗಳು. ನಮ್ಮಲ್ಲಿ ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್‌ನಂಥವು. ಸುಮ್ಮನೆ ಕೊಡುವುದಿಲ್ಲ. ನೀವು ಹೋಗಲಿರುವ ದೇಶಗಳಲ್ಲಿ ಎಲ್ಲಿ ಸುಂಕ ಅತಿ ಹೆಚ್ಚೋ ಅದರ ಲೆಕ್ಕದಲ್ಲಿ ಬ್ಯಾಂಕ್ ಗ್ಯಾರಂಟಿಯನ್ನೋ ಠೇವಣಿಯನ್ನೋ ಕೇಳುತ್ತಾರೆ. ಅದು ಕೆಲವೊಮ್ಮೆ ಕಾರಿನ ಬೆಲೆಯನ್ನೂ ಮೀರುತ್ತದೆ. ಕಾರು ಮರುಭೂಮಿಯ ನಡುವೆ ಎಂಜಿನ್ ಸುಟ್ಟು ನಿಂತಿತೆನ್ನಿ. ಹಾಳಾಗಿ ಹೋಗಲಿ ಎಂದು ಬಿಟ್ಟು ವಿಮಾನ ಹತ್ತುವಂತಿಲ್ಲ. ಬಿಟ್ಟು ಬಂದರೆ ಆ ದೇಶ ಸಂಘವನ್ನು ಸುಂಕ ಕೇಳುತ್ತದೆ, ಸಂಘ ನಿಮ್ಮ ಠೇವಣಿಗೆ ಕೈ ಹಾಕುತ್ತದೆ. ಮಕ್ಕಳ ಓದಿಗೆಂದು ಕೂಡಿಟ್ಟ ಹಣವನ್ನು ಇದಕ್ಕೆ ಒತ್ತೆಯಿಡುವ ಮೊದಲು ಮನೆಮಂದಿಯೆಲ್ಲ ಕುಳಿತು ಮಾತನಾಡುವುದು ಒಳ್ಳೆಯದು.

ಕಾರ್ನೆಟ್ ಬೇಡದ ದೇಶಗಳೂ ಬೇಕಾದಷ್ಟಿವೆ. ಯೂರೋಪು ಒಕ್ಕೂಟದಲ್ಲಿ ಹೊರಗಿನವರು ತಮ್ಮ ಕಾರನ್ನು ಆರು ತಿಂಗಳು ಸುಂಕವಿಲ್ಲದೆ ಓಡಿಸಬಹುದು. ಅಮೆರಿಕದಲ್ಲಿ ಪ್ರವಾಸಿಗೆ ಒಂದು ವರ್ಷ. ದಕ್ಷಿಣ ಅಮೆರಿಕದ ಉರುಗ್ವೆ ಕೂಡ ಒಂದು ವರ್ಷ ಕೊಡುತ್ತದೆ. ಹ್ಯಾಂಬರ್ಗ್, ಆಂಟ್‌ವರ್ಪ್ ಬಂದರುಗಳಿಂದ ಹೊರಟ ಯೂರೋಪಿನ ಪ್ರವಾಸಿಗಳ ಎಷ್ಟೋ ವಾಹನಗಳು ಬ್ರೆಜಿಲನ್ನು ದಾಟಿ ಪುಟ್ಟ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಇಳಿಯುವುದೇಕೆ ಎಂಬುದಕ್ಕೆ ಇದೂ ಒಂದು ಕಾರಣ. ಎಲ್ಲಿ ಇಳಿಯಬೇಕೆಂದು ಹೇಳುವುದು ಭೂಪಟವಲ್ಲ, ಕಸ್ಟಮ್ಸ್ ನಿಯಮ.

ಅಮೆರಿಕ ಖಂಡಗಳ ಮಾತು ಬಂದದ್ದರಿಂದ, ಅಟ್ಲಾಸ್ ಮನೆಯಲ್ಲಿದ್ದರೆ ತೆರೆದಿಡಿ. ಉತ್ತರದಲ್ಲಿ ಅಲಾಸ್ಕ, ದಕ್ಷಿಣದ ತುದಿಯಲ್ಲಿ ಅರ್ಜೆಂಟೀನದ ಉಶುವಾಯ. ಇವೆರಡರ ನಡುವೆ 30,000 ಕಿಲೋಮೀಟರಿನಷ್ಟು ಉದ್ದದ ಪ್ಯಾನ್ ಅಮೆರಿಕನ್ ಹೆದ್ದಾರಿ. ಜಗತ್ತಿನ ಕಾರು ಪ್ರವಾಸಿಗಳಿಗೆಲ್ಲ ಅದು ಕಾಶಿ ಯಾತ್ರೆಯಿದ್ದಂತೆ. ಆದರೆ ಪನಾಮಾದ ಯವೀಸಾ ಎಂಬ ಊರಿನಲ್ಲಿ ರಸ್ತೆ ಥಟ್ಟನೆ ಮುಗಿಯುತ್ತದೆ. ಮುಂದೆ ನೂರು ಕಿಲೋಮೀಟರಿನಷ್ಟು ಕಾಡು ಮತ್ತು ಜೌಗು. ಆಮೇಲೆ ಕೊಲಂಬಿಯದಲ್ಲಿ ರಸ್ತೆ ಮತ್ತೆ ಶುರು. ಇದೇ ಡೇರಿಯನ್ ಕಂದರ.

ಮೊಂಡು ಹಿಡಿದು ಅದನ್ನು ದಾಟಿದವರಿಲ್ಲದಿಲ್ಲ. 1960ರಲ್ಲಿ ಒಂದು ತಂಡ ಜೀಪು ಹಾಗೂ ಲ್ಯಾಂಡ್ ರೋವರ್‌ನೊಂದಿಗೆ ದಾಟಿತು; ಹಿಡಿದದ್ದು 136 ದಿನ. 1972ರಲ್ಲಿ ಜಾನ್ ಬ್ಲ್ಯಾಶ್‌ಫೋರ್ಡ್ ಸ್ನೆಲ್ ಎಂಬ ಸೇನಾಧಿಕಾರಿಯ ನೇತೃತ್ವದ ಬ್ರಿಟಿಷ್ ತಂಡಕ್ಕೆ ಎರಡು ರೇಂಜ್ ರೋವರ್‌ಗಳನ್ನು ದಾಟಿಸಲು ನೂರರಷ್ಟು ದಿನ ಬೇಕಾಯಿತು. ದಿನಕ್ಕೆ ಒಂದು ಕಿಲೋಮೀಟರಿನ ಲೆಕ್ಕ! ನಮ್ಮ ಮಲೆನಾಡಿನ ಮಳೆಗಾಲದ ಕೆಸರನ್ನು ಬಲ್ಲವರೂ ಇದನ್ನು ಕೇಳಿ ಸುಮ್ಮನಾದಾರು.

ಉಳಿದವರೆಲ್ಲ ಪನಾಮಾದ ಕೊಲೋನ್ ಬಂದರಿನಿಂದ ಕೊಲಂಬಿಯದ ಕಾರ್ಟಜೀನಾಕ್ಕೆ ಕಾರನ್ನು ಹಡಗಿನಲ್ಲಿ ಕಳಿಸುತ್ತಾರೆ. ಇಲ್ಲಿ ಒಂದು ಸೊಗಸಾದ ಪದ್ಧತಿ ಬೆಳೆದಿದೆ. ನಲವತ್ತು ಅಡಿಯ ಕಂಟೇನರಿನಲ್ಲಿ ಎರಡು ಕಾರು ಹಿಡಿಸುವುದರಿಂದ, ಗುರುತು ಪರಿಚಯವಿಲ್ಲದ ಎರಡು ಕುಟುಂಬಗಳು ಬಾಡಿಗೆಯನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. ಜೊತೆಗಾರರು ಸಿಗುವ ತನಕ ಕಾಯುವುದು, ಪೊಲೀಸರು ಎಂಜಿನ್, ಚಾಸಿ ನಂಬರುಗಳನ್ನು ಕಾಗದದೊಡನೆ ತಾಳೆ ನೋಡುವಾಗ ಒಂದೇ ಸಾಲಿನಲ್ಲಿ ನಿಲ್ಲುವುದು, ಬಳಿಕ ವಿಮಾನ ಹತ್ತಿ ಕಾರ್ಟಜೀನಾಕ್ಕೆ ಹೋಗಿ ಕಾಯುವುದು, ಕಂಟೇನರಿನ ಬಾಗಿಲು ತೆರೆಯುವಾಗ ಒಟ್ಟಿಗೇ ಇಣುಕುವುದು. ಒಂದು ಅಂಕಿ ತಪ್ಪಿದ್ದರೂ ಇಬ್ಬರ ಕಾರೂ ನಿಂತವು. ಇನ್ನೊಬ್ಬರ ಕಾಗದ ಸರಿಯಿದೆಯೇ ಎಂದು ತನ್ನದಕ್ಕಿಂತ ಹೆಚ್ಚು ಕಾಳಜಿಯಿಂದ ನೋಡುವ ಪ್ರಸಂಗ ಬದುಕಿನಲ್ಲಿ ಅಪರೂಪ.

ಇಲ್ಲಿಂದ ಹೊರಡುವವರಿಗೆ ಇನ್ನೂ ಕೆಲವು ಸಂಗತಿ. ಆರ್‌ಟಿಒ ಕಚೇರಿಯಿಂದ ಪಡೆಯುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಒಂದು ವರ್ಷ ನಡೆಯುತ್ತದೆ. ಕಾರಿನ ಹಿಂದೆ ‘ಐಎನ್‌ಡಿ’ ಎಂಬ ಗುರುತು ಬೇಕು. ಯೂರೋಪಿನಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕಾದ್ದರಿಂದ, ಎಡಕ್ಕೆ ಬಾಗಿ ಬೀಳುವ ನಮ್ಮ ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಅದನ್ನು ಸರಿಪಡಿಸಿಕೊಳ್ಳಬೇಕು. ಟೋಲ್ ಕಟ್ಟೆ ಎಡಕ್ಕಿರುತ್ತದೆ, ಚಾಲಕ ಬಲಕ್ಕೆ. ಎಡಗಡೆ ಕೂತವರೇ ದಾರಿಯುದ್ದಕ್ಕೂ ಖಜಾಂಚಿ. ಆಸ್ಟ್ರೇಲಿಯಕ್ಕಾದರೆ ಮಡ್‌ಗಾರ್ಡಿನ ಸಂದಿಯ ಕೆಂಪು ಮಣ್ಣನ್ನೂ ತೊಳೆದು ಕಳಿಸಬೇಕು. ಮಣ್ಣಿನಲ್ಲಿ ಬೀಜ, ಕೀಟಗಳು ಬಂದಾವೆಂದು ಅಲ್ಲಿನವರು ಟಾರ್ಚು ಹಿಡಿದು ನೋಡುತ್ತಾರೆ.

ಕೊನೆಗೆ ಉಳಿಯುವುದು ಸಮಯದ ಪ್ರಶ್ನೆ. 2023ರ ನವೆಂಬರಿನಲ್ಲಿ ಗುಜರಾತಿನ ಪಿಪಾವಾವ್ ಬಂದರಿಗೆ ಬರುತ್ತಿದ್ದ ‘ಗ್ಯಾಲಕ್ಸಿ ಲೀಡರ್’ ಎಂಬ ಕಾರು ಸಾಗಿಸುವ ಹಡಗನ್ನು ಯೆಮೆನಿನ ಹೌತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ವಶಪಡಿಸಿಕೊಂಡರು. ಅದಾದ ಮೇಲೆ ಎಷ್ಟೋ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕದ ತುದಿಯನ್ನು ಬಳಸಿ ಹೋದವು. ಹತ್ತು ಹದಿನೈದು ದಿನ ಹೆಚ್ಚಿಗೆ ಹಿಡಿಯಿತು. ಬಂದರಿನ ಕೆಲಸವೂ ಸೇರಿ ಹೋಗಲೊಂದು ತಿಂಗಳು, ಬರಲೊಂದು ತಿಂಗಳು ಎಂದುಕೊಂಡರೂ ಮೇಲೆ ಕೆಲವು ವಾರ ಕೈಯಲ್ಲಿರಲಿ. ಏಪ್ರಿಲ್–ಮೇ ರಜೆಗೆ ಯೂರೋಪು ಸುತ್ತಬೇಕೆಂದರೆ, ಮಕ್ಕಳು ಪರೀಕ್ಷೆಗೆ ಓದುತ್ತಿರುವ ಫೆಬ್ರುವರಿಯಲ್ಲೇ ಅಪ್ಪ ಕಾರನ್ನು ಬಂದರಿಗೆ ಒಪ್ಪಿಸಿ ಬರಬೇಕು. ಶಾಲೆ ಶುರುವಾದ ಎಷ್ಟೋ ದಿನಕ್ಕೆ ಅದು ಮರಳುತ್ತದೆ. ಮನೆಯವರ ರಜೆ ಎರಡು ತಿಂಗಳಾದರೆ ಕಾರಿನದು ಐದು. ನನ್ನನ್ನು ಕೇಳಿದರೆ, ಮೂರು ತಿಂಗಳಿಗಿಂತ ಕಡಿಮೆ ಬಿಡುವಿರುವವರು ಅಲ್ಲಿಯೇ ಬಾಡಿಗೆ ಕಾರು ಹಿಡಿಯುವುದು ಲೇಸು. ಆರು ತಿಂಗಳೋ ವರ್ಷವೋ ಸಿಗುವವರ ಮಾತು ಬೇರೆ. ತಮ್ಮದೇ ಸೀಟು, ತಮ್ಮದೇ ಒಲೆ, ಡಿಕ್ಕಿಯಲ್ಲಿ ತಮ್ಮದೇ ಪಾತ್ರೆ ಪಡಗಗಳ ಸುಖವನ್ನು ಬಾಡಿಗೆ ಕಾರು ಕೊಡಲಾರದು.

ಕಾರು ಮರಳಿ ನಮ್ಮ ಬಂದರಿನಲ್ಲಿ ಇಳಿದಾಗ ಕಸ್ಟಮ್ಸ್ ಅಧಿಕಾರಿ ಬಾನೆಟ್ ಎತ್ತಿಸಿ ಚಾಸಿ ನಂಬರನ್ನು ಮತ್ತೊಮ್ಮೆ ಓದುತ್ತಾರೆ. ಕಾರ್ನೆಟ್ಟಿನ ಕೊನೆಯ ಭಾಗದಲ್ಲಿ, ವಾಹನ ಸ್ವದೇಶದಲ್ಲಿದೆ ಎಂದು ದೃಢೀಕರಿಸುವ ಜಾಗವೊಂದಿದೆ. ಪ್ರತಿ ಹಾಳೆಯಲ್ಲೂ ಮೊಹರುಗಳು ಸರಿಯಾಗಿವೆಯೇ ಎಂದು ನೋಡಿ, ಆ ಜಾಗದಲ್ಲೂ ರುಜು ಹಾಕಿಸಿಕೊಂಡು, ಪುಸ್ತಕವನ್ನು ಸಂಘಕ್ಕೆ ಒಪ್ಪಿಸಿ ರಸೀತಿ ಪಡೆಯಬೇಕು. ಅದರ ಪರಿಶೀಲನೆ ಮುಗಿದ ಮೇಲೆಯೇ ಬ್ಯಾಂಕಿನಲ್ಲಿಟ್ಟ ಹಣ ಬಿಡುಗಡೆಯಾಗುವುದು.