ಅಮ್ಮ ‘ಬೊಡ್ಚಿ’ ಅಂದ ಪುಸ್ತಕ

ನಲವತ್ತು ನಿಮಿಷ ಆಗಿತ್ತು. ಕುಲಶೇಖರದ ನನ್ನ ಬಾಡಿಗೆ ಮನೆಯಲ್ಲಿ ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಸ್ಟೂಲಿನ ಮೇಲಿದ್ದ ಮೊಬೈಲಿನಿಂದ ಒಂದು ಗಂಡು ದನಿ ಕಾದಂಬರಿ ಓದುತ್ತಿತ್ತು. ಮದುವೆ ಚಪ್ಪರದಲ್ಲಿ ಯಾರೋ ಕುಸಿದು ಬೀಳುವ ಸನ್ನಿವೇಶ. ಅಮ್ಮ ಕೈ ಎತ್ತಿ, ಬಸ್ಸು ನಿಲ್ಲಿಸುವವರ ಹಾಗೆ, “ಬೊಡ್ಚಿ ಮಗ” ಅಂದಳು. ಬೇಡ. ತುಳುವಿನಲ್ಲಿ ಆ ಮಾತಿಗೆ ಮೇಲೆ ಅಪೀಲಿಲ್ಲ.

“ಎಂತ ಆಯ್ತು?”

“ಮದುವೆಗೂ ಸಾವಿಗೂ ಒಂದೇ ಸ್ವರ ಮಾರಾಯ ಇವನದ್ದು. ಯಾರು ಬಿದ್ದದ್ದು ಅಂತಲೇ ಗೊತ್ತಾಗುವುದಿಲ್ಲ.”

ಸ್ಕ್ರೀನ್ ನೋಡಿದೆ. ಇನ್ನೂ 10 ಗಂಟೆ 52 ನಿಮಿಷ ಬಾಕಿ ಇತ್ತು.

ಅಮ್ಮನ ಬಲಗಣ್ಣಿನ ಪೊರೆ ತೆಗೆಸಿ ಮೂರು ದಿನ ಆಗಿತ್ತು. ಹನಿ ಮದ್ದು, ಧೂಳಿಲ್ಲದ ಜಾಗ, ಕಣ್ಣಿಗೆ ಆಯಾಸ ಬೇಡ ಎಂದು ಡಾಕ್ಟರು ಹೇಳಿದ್ದರು. ವಿಟ್ಲದ ಹತ್ತಿರದ ನಮ್ಮ ಮನೆಯಲ್ಲಿ ಬೀಡಿ ಹೊಗೆಸೊಪ್ಪಿನ ಧೂಳು ಇಲ್ಲದ ಮೂಲೆ ಇಲ್ಲ. ಹಾಗಾಗಿ ಒಂದು ತಿಂಗಳು ಮಂಗಳೂರಿನಲ್ಲಿ ನನ್ನ ಜೊತೆ ಇರಲಿ ಎಂದು ಕರೆತಂದಿದ್ದೆ. ಟಿವಿ ಇಲ್ಲ, ಓದುವ ಹಾಗಿಲ್ಲ. ಗ್ರಂಥಾಲಯದ ಆ್ಯಪ್ ಒಂದರಲ್ಲಿ ಪುಕ್ಕಟೆಯಾಗಿ ಕೇಳುವ ಪುಸ್ತಕ ಸಿಗುತ್ತದೆ ಎಂದು ಗೊತ್ತಾದಾಗ ನನಗೆ ಅಮ್ಮನಿಗಿಂತ ಹೆಚ್ಚು ಖುಷಿ. ಕೇಳುವ ಪುಸ್ತಕ ಹುಟ್ಟಿದ್ದೇ ಕಣ್ಣು ಕಾಣದವರಿಗಾಗಿ ಅಲ್ಲವೇ? 1930ರ ದಶಕದಲ್ಲಿ ಅಮೆರಿಕದಲ್ಲಿ ಅಂಧರಿಗೆಂದು ಗ್ರಾಮಫೋನ್ ತಟ್ಟೆಗಳಲ್ಲಿ ಪುಸ್ತಕ ಓದಿ ಕೊಡಲು ಶುರು ಮಾಡಿದರು. ಒಂದು ಬದಿಗೆ ಹೆಚ್ಚುಕಡಿಮೆ 15 ನಿಮಿಷ. ಆಮೇಲೆ ಎದ್ದು ತಟ್ಟೆ ಮಗುಚಬೇಕು. ಬೋರಾದವರಿಗೆ ಎದ್ದು ಹೋಗಲು ಅದೊಂದು ಒಳ್ಳೆಯ ನೆಪ ಆಗಿದ್ದಿರಬೇಕು. ನಮ್ಮ ಮೊಬೈಲು ಮಗುಚಲು ಹೇಳುವುದಿಲ್ಲ, ಒಂದೇ ಸಮನೆ ಹೇಳುತ್ತಲೇ ಇರುತ್ತದೆ.

ಆ ದನಿ ಮನುಷ್ಯನದ್ದಲ್ಲ, ಯಂತ್ರದ್ದು ಎಂದು ನನಗೆ ಗೊತ್ತಾದದ್ದು ‘ರೂ. 500’ ಬಂದಾಗ. “ರೂ ಐನೂರು” ಎಂದು ಓದಿ ಮುಂದೆ ಹೋಯಿತು. ‘ಬಂದೆಯಾ?’ ಎಂಬ ಪ್ರಶ್ನೆಯನ್ನೂ ‘ಬಂದೆ’ ಎಂಬ ಉತ್ತರವನ್ನೂ ಒಂದೇ ತೂಕದಲ್ಲಿ ಇಡುತ್ತಿತ್ತು. ಅಧ್ಯಾಯ ಮುಗಿದದ್ದೂ ಶುರುವಾದದ್ದೂ ತಿಳಿಯುತ್ತಿರಲಿಲ್ಲ. ಸರಿ, ಕೆಟ್ಟ ಆಡಿಯೊ. ಅಮ್ಮ ಬಿಟ್ಟಳು. ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ನಾನು ಬಿಡಲಿಲ್ಲ. ಉಳಿದ 10 ಗಂಟೆ 52 ನಿಮಿಷವನ್ನು ನಾನು ಕೇಳಿದೆ. ಸ್ಟೇಟ್‌ಬ್ಯಾಂಕಿನ ಬಸ್ಸಿನಲ್ಲಿ, ಪ್ರೆಸ್‌ಮೀಟ್ ಶುರುವಾಗುವ ಮೊದಲು, ರಾತ್ರಿ ಪಾತ್ರೆ ತೊಳೆಯುವಾಗ, ಅಮ್ಮನ ಕಣ್ಣಿಗೆ ಮದ್ದು ಬಿಟ್ಟು ಐದು ನಿಮಿಷ ಕಾಯುವಾಗ. ಮೊದಲು ಮಾಮೂಲಿ ವೇಗದಲ್ಲಿ, ಆಮೇಲೆ 1.25ರಲ್ಲಿ, ಕೊನೆಗೆ 1.5ರಲ್ಲಿ. ಆ ವೇಗಕ್ಕೆ ನಾಯಕಿ ಹರಾಜು ಕೂಗುವವಳ ಹಾಗೆ ಅತ್ತಳು. ಒಂಬತ್ತನೇ ದಿನವೋ ಹತ್ತನೇ ದಿನವೋ ಅಮ್ಮ ಹೇಳಿದಳು, “ನಾನು ಬಂದಲ್ಲಿಂದ ನೀನು ಕಿವಿಗೆ ಅದನ್ನು ಸಿಕ್ಕಿಸಿಕೊಂಡೇ ಇದ್ದೀ. ಚೆಂದ ಉಂಟಾ ಅದು?”

“ಇಲ್ಲ.”

“ಮತ್ತೆ?”

ಉತ್ತರ ಇರಲಿಲ್ಲ. ಮದ್ದು ಬಿಟ್ಟು ಕಣ್ಣು ಮುಚ್ಚಿ ಕೂತ ಅಮ್ಮನ ಎದುರು, ನನಗೇ ಬೇಡವಾದ ಕಾದಂಬರಿಯನ್ನು ಕಿವಿಯಲ್ಲಿಟ್ಟುಕೊಂಡು ನಾನು ಅಷ್ಟು ದಿನ ಕೂತಿದ್ದೆ. ಎಸೆಸೆಲ್ಸಿ ಆದ ಮೇಲೆ ಹಾಸ್ಟೆಲು, ಆಮೇಲೆ ಕೆಲಸ. ಅಮ್ಮ ಮತ್ತು ನಾನು ಒಂದೇ ಮಾಡಿನ ಕೆಳಗೆ ಒಂದು ತಿಂಗಳು ಇದ್ದದ್ದು ಅದೇ ಮೊದಲು.

ಯಾಕೆ ಬಿಡಲು ಆಗುವುದಿಲ್ಲ ಎಂದು ಯೋಚಿಸಿದರೆ ನನಗೆ ನೆನಪಾಗುವುದು ನಮ್ಮೂರ ಪಂಚಾಯತು ಲೈಬ್ರರಿ. ಹಾಲಿನ ಸೊಸೈಟಿಯ ಪಕ್ಕದ ಒಂದು ಕೋಣೆ, ಎರಡು ಕಬ್ಬಿಣದ ಕಪಾಟು, ಒಂದು ಬೆಂಚು. (2019ರಲ್ಲಿ ಇಂಥ ಗ್ರಂಥಾಲಯಗಳೆಲ್ಲ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅದರ ಬೋರ್ಡಿನಲ್ಲಿ ‘ಅರಿವು ಕೇಂದ್ರ’ ಎಂದಿದೆ, ಒಳಗೆ ಕಂಪ್ಯೂಟರೂ ಉಂಟು.) ಒಂದು ಸಲಕ್ಕೆ ಒಂದೇ ಪುಸ್ತಕ. ಲೈಬ್ರರಿಯ ಅಣ್ಣ ಪುಸ್ತಕ ವಾಪಸ್ ತೆಗೆದುಕೊಳ್ಳುವಾಗ ಕೇಳುತ್ತಿದ್ದರು, “ಓದಿದ್ಯಾ? ಕೊನೆಗೆ ಎಂತ ಆಯ್ತು ಹೇಳು.” ಪಾಪ, ಅವರದು ಪ್ರೀತಿಯೇ. ನನಗೆ ಮಾತ್ರ ಅದು ಪರೀಕ್ಷೆ. ಮುಗಿಸದೆ ಹೋದರೆ ಮುಂದಿನ ಪುಸ್ತಕ ಕೇಳಲು ಬಾಯಿ ಬರುತ್ತಿರಲಿಲ್ಲ. ಅದರ ಮೇಲೆ ಮನೆಯ ಪಾಠ ಬೇರೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು. ಕಣ್ಣಿಗೊತ್ತಿಕೊಂಡದ್ದನ್ನು ಚೆನ್ನಾಗಿಲ್ಲ ಎಂದು ಮುಚ್ಚಿಡುವುದು ಹೇಗೆ? ಪುಸ್ತಕವೇ ಅಪರೂಪವಾದ ಕಡೆ ಬೆಳೆದವರಿಗೆ ಕೆಟ್ಟ ಪುಸ್ತಕ ಎಂಬುದೇ ಇರುವುದಿಲ್ಲ. ತಟ್ಟೆಯಲ್ಲಿ ಬಿದ್ದದ್ದನ್ನು ಉಂಡು ಏಳುವುದು, ಅಷ್ಟೇ.

ಮಜಾ ಏನೆಂದರೆ, ಜರ್ನಲಿಸಂ ಕ್ಲಾಸಿನಲ್ಲಿ ನಾವೆಲ್ಲ ಕಲಿತ ಮೊದಲ ಪಾಠವೇ ಇದರ ತದ್ವಿರುದ್ಧ. ತಲೆಕೆಳಗಾದ ಪಿರಮಿಡ್ಡು. ಓದುಗ ಯಾವ ಪ್ಯಾರಾದಲ್ಲಿ ಬೇಕಾದರೂ ಬಿಟ್ಟು ಹೋಗುತ್ತಾನೆ, ಹಾಗಾಗಿ ಮುಖ್ಯವಾದದ್ದನ್ನು ಮೊದಲೇ ಹೇಳಿ ಮುಗಿಸಿ. ಡೆಸ್ಕಿನವರು ಕೆಳಗಿನಿಂದ ಕತ್ತರಿಸಿದರೂ ಸುದ್ದಿ ಸಾಯಬಾರದು. ಓದುಗ ಬಿಟ್ಟು ಹೋಗುತ್ತಾನೆ ಎಂಬ ನಂಬಿಕೆಯ ಮೇಲೆ ಸಂಬಳ ತೆಗೆದುಕೊಳ್ಳುವವನು ನಾನು. ಓದುಗನಾಗಿ ಕೂತಾಗ ಮಾತ್ರ ಕಾದಂಬರಿಕಾರನಿಗೆ ಬೇಜಾರಾಗುತ್ತದೆ ಎಂದು ಹೆದರುತ್ತೇನೆ.

ಅಮ್ಮನಿಗೆ ಆ ಹೆದರಿಕೆ ಯಾವತ್ತೂ ಇರಲಿಲ್ಲ. ಅವಳು ಐದನೇ ಕ್ಲಾಸು. ಕನ್ನಡ ಓದಲು ಬರುತ್ತದೆ, ಆದರೆ ಬೀಡಿ ಕಟ್ಟುವಾಗ ಕೈ ಖಾಲಿ ಇರುವುದಿಲ್ಲ. ತೊಡೆಯ ಮೇಲೆ ತಡ್ಪೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ದಿನಕ್ಕೆ ಸಾವಿರ ಬೀಡಿ ಆಗಬೇಕು. ಹಾಗಾಗಿ ಓದುವ ಕೆಲಸ ನನ್ನದು. ಪಕ್ಕದ ಮನೆಯವರು ಓದಿ ಕೊಟ್ಟ ಹಳೆಯ ‘ತರಂಗ’, ‘ಸುಧಾ’ ತಂದು ಧಾರಾವಾಹಿಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಸುತ್ತ ಕೂತು ಬೀಡಿ ಕಟ್ಟುವ ದೊಡ್ಡಮ್ಮ, ಆಚೆಮನೆ ಅಕ್ಕ ಎಲ್ಲ ಕೇಳುತ್ತಿದ್ದರು. ಎರಡು ವಾರ ಕೇಳಿ ಅಮ್ಮ ತೀರ್ಪು ಕೊಡುತ್ತಿದ್ದಳು. “ಈ ಹೆಂಗಸು ಇನ್ನು ಎಂಟು ವಾರ ಅಳುತ್ತಾಳೆ. ಸಾಕು, ಅಡುಗೆ ಪುಟ ಓದು.” ದೊಡ್ಡಮ್ಮನಿಗೆ ಬೇಕಾದರೆ ದೊಡ್ಡಮ್ಮನ ಮನೆಯಲ್ಲಿ ಓದಬೇಕು. ಬ್ರಾಂಚಿನಲ್ಲಿ ಸಡಿಲ ಬೀಡಿಯನ್ನು ಬೆರಳಲ್ಲಿ ಒತ್ತಿ ನೋಡಿ ಬದಿಗೆ ತೆಗೆದು ಹಾಕುವುದನ್ನು ವಾರವಾರ ನೋಡಿದವಳು ಅವಳು. ಕಥೆಯನ್ನೂ ಹಾಗೆಯೇ ಒತ್ತಿ ನೋಡುತ್ತಿದ್ದಳೋ ಏನೋ.

ಯಕ್ಷಗಾನಕ್ಕೆ ಹೋದರೂ ಅಷ್ಟೆ. ಇಡೀ ರಾತ್ರಿಯ ಆಟದಲ್ಲಿ ಪ್ರಸಂಗ ಎಳೆಯತೊಡಗಿದರೆ ಅರ್ಧ ಸಭೆ ಎದ್ದು ಚರುಮುರಿ ಅಂಗಡಿಯ ಹತ್ತಿರ ಇರುತ್ತದೆ. ಕೆಲವರು ಚಾಪೆಯಲ್ಲಿ ಮಲಗಿ ನಿದ್ದೆ ಮಾಡುತ್ತಾರೆ, ಬೇಕಾದ ವೇಷ ಬಂದಾಗ ಚೆಂಡೆ ಅವರನ್ನು ಎಬ್ಬಿಸುತ್ತದೆ. ಎದ್ದು ಹೋದದ್ದಕ್ಕೆ ಯಾರಾದರೂ ತಪ್ಪುಕಾಣಿಕೆ ಹಾಕಿದ್ದು ನಾನು ನೋಡಿಲ್ಲ. ಕಿವಿಯಿಂದ ಕಥೆ ಕೇಳುವುದರಲ್ಲಿ ಇಷ್ಟು ಪಳಗಿದ ಊರಿನಲ್ಲಿ ಹುಟ್ಟಿ ನಾನು ಯಂತ್ರದ ದನಿಗೆ ಹನ್ನೊಂದು ದಿನ ತಲೆ ಕೊಟ್ಟೆ.

ಹನ್ನೆರಡನೇ ದಿನ ಒಂದು ಸಂಶಯ ಬಂತು. ಕೆಟ್ಟದ್ದು ಓದಿದ ರೀತಿಯೋ, ಪುಸ್ತಕವೋ? ಅದೇ ಕಾದಂಬರಿಯನ್ನು ನಾನೇ ಓದಿ ಹೇಳಿದರೆ? ಕಚೇರಿಯಿಂದ ಬೇಗ ಹೊರಟು ಹಂಪನಕಟ್ಟೆಯಲ್ಲಿ ಇಳಿದು ಬಾವುಟಗುಡ್ಡೆ ಹತ್ತಿದೆ, ನಗರ ಕೇಂದ್ರ ಗ್ರಂಥಾಲಯಕ್ಕೆ.

ಆ ದಾರಿಯ ಬುಡದಲ್ಲಿರುವ ಕಾಲೇಜಿಗೆ ಒಂದು ಕಥೆ ಇದೆ, ಹೇಳದೆ ಮುಂದೆ ಹೋಗಲಾರೆ. ಈಗಿನ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜು ಹಿಂದೆ ಸರಕಾರಿ ಕಾಲೇಜಾಗಿತ್ತು. 1917ರಲ್ಲಿ ಅಲ್ಲಿಗೆ ಗಣಿತ ಕಲಿಸಲು ಬಂದ ತರುಣ ಎಸ್.ಆರ್. ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ನಾವು ಜಿ.ಕೆ. ಪುಸ್ತಕದಲ್ಲಿ ಉರು ಹೊಡೆದ ಅದೇ ರಂಗನಾಥನ್. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಆದರೆ ಆ ಒಂಟಿ ಕೆಲಸ ಅವರಿಗೆ ಕೆಲವೇ ದಿನಗಳಲ್ಲಿ ಸಾಕಾಗಿ, ನನಗೆ ಪಾಠದ ಕೆಲಸವೇ ವಾಪಸ್ ಕೊಡಿ ಎಂದು ಕೇಳಲು ಹೋಗಿದ್ದರು! ಲಂಡನ್ನಿಗೆ ಹೋಗಿ ಅಲ್ಲಿಯ ಗ್ರಂಥಾಲಯಗಳನ್ನು ನೋಡಿ ಬಾ, ಆಮೇಲೂ ಬೇಡ ಅನಿಸಿದರೆ ಬಿಡು ಎಂದರಂತೆ. ಹೋಗಿ ಬಂದವರು ಬಿಡಲಿಲ್ಲ. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಬರೆದರು. ಪ್ರತಿ ಓದುಗನಿಗೂ ಅವನ ಪುಸ್ತಕ ಎಂಬುದು ಎರಡನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುದು ಮೂರನೆಯದು. ನಾಲ್ಕನೆಯದು, ಓದುಗನ ಸಮಯ ಉಳಿಸಿ. ಅವರು ಹೇಳಿದ್ದು ಕಪಾಟು ಜೋಡಿಸುವವರಿಗೆ, ಪುಸ್ತಕ ಬೇಗ ಸಿಗುವಂತೆ ಮಾಡಿ ಎಂದು. ಗುಡ್ಡ ಹತ್ತುವಾಗ ನಾನು ಅದನ್ನು ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ.

ಪುಸ್ತಕ ಸಿಕ್ಕಿತು. ಕೈಗೆ ತೆಗೆದುಕೊಂಡ ಕೂಡಲೇ ವಿಷಯ ಗೊತ್ತಾಯಿತು. ಸುಮಾರು 70ನೇ ಪುಟದವರೆಗೆ ಹಾಳೆಗಳು ಮೆತ್ತಗೆ, ಅಂಚು ಕಪ್ಪು, ಒಂದು ಕಡೆ ಚಹಾದ ಕಲೆ, ಒಂದು ಕಡೆ ಬಸ್ ಟಿಕೆಟು. ಅಲ್ಲಿಂದ ಆಚೆಗೆ ಎಲ್ಲ ಹೊಸ ನೋಟಿನ ಹಾಗೆ ಗರಿಗರಿ. ಪುಸ್ತಕ ವಾಪಸ್ ಕೊಡುವ ದಿನಾಂಕದ ಚೀಟಿಯಲ್ಲಿ ಮಾತ್ರ ಮುದ್ರೆಗೆ ಮುದ್ರೆ ಬಿದ್ದಿತ್ತು. ನನಗಿಂತ ಮೊದಲು ಬಂದ ಅಷ್ಟೂ ಜನ ಯಾವ ಪಾಪಪ್ರಜ್ಞೆಯೂ ಇಲ್ಲದೆ ಅದೇ ಜಾಗದಲ್ಲಿ ಇಳಿದು ಹೋಗಿದ್ದರು. ನಾನೊಬ್ಬ ಕೊನೆಯ ಸ್ಟಾಪಿನವರೆಗೆ ಹೋದವನು.

ಗ್ರಂಥಾಲಯಗಳಿಗೆ ಇಂಥ ಪುಸ್ತಕ ಹೇಗೆ ಬರುತ್ತದೆ ಎಂಬುದು ಬೇರೆಯೇ ವರದಿಯ ವಿಷಯ. ಸಗಟು ಖರೀದಿಗೆಂದೇ ಅಚ್ಚಾಗುವ ಪುಸ್ತಕಗಳ ಮಾತು ಪ್ರಕಾಶಕರ ನಡುವೆಯೇ ಇದೆ. 1965ರ ಕಾಯ್ದೆಯಂತೆ ನಾವು ಆಸ್ತಿ ತೆರಿಗೆಯ ಜೊತೆ ಕಟ್ಟುವ ಗ್ರಂಥಾಲಯ ಕರದ ಹಣ ಅದು. ಆದರೂ, ಅಂಗಡಿಯಲ್ಲಿ 300 ರೂಪಾಯಿ ಕೊಟ್ಟು ಮೋಸ ಹೋಗುವುದಕ್ಕಿಂತ ಇಲ್ಲಿ ಎಪ್ಪತ್ತು ಪುಟ ಓದಿ ವಾಪಸ್ ಇಡುವುದು ಎಷ್ಟೋ ಸಲೀಸು. ಲೈಬ್ರರಿಯ ದೊಡ್ಡ ಉಪಕಾರವೇ ಇದು ಎಂದು ನನಗೆ ಹೊಳೆಯಲು ಇಪ್ಪತ್ತು ವರ್ಷ ಬೇಕಾಯಿತು.

ಆದರೂ ತಂದೆ. ಹಟ. ಮನೆಯಲ್ಲಿ ಓದಿದೆ, ಚಪ್ಪರದಲ್ಲಿ ಬಿದ್ದವನಿಗೆ ಬೇಕಾದ ಸ್ವರ ಕೊಟ್ಟೇ ಓದಿದೆ. ಎರಡನೇ ಅಧ್ಯಾಯದ ನಡುವೆ ಅಮ್ಮ ಕೈ ಎತ್ತಿದಳು. “ನೀನು ಓದುವುದು ಚೆಂದ ಉಂಟು. ಅವ ಬರೆದದ್ದು ಚೆಂದ ಇಲ್ಲ. ಬೊಡ್ಚಿ.”

ಪಾಪದ ಯಂತ್ರ. ಅದರ ಮೇಲಿದ್ದ ಅರ್ಧ ಸಿಟ್ಟು ಇಳಿಯಿತು.

ಮರುದಿನ ಅದನ್ನು ಕೊಟ್ಟು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ತಂದೆ. ಕಾಸರಗೋಡಿನಲ್ಲಿ ಹುಟ್ಟಿ ಇದೇ ಮಂಗಳೂರಿನಲ್ಲಿ ಬಾಳಿ 2023ರ ಜನವರಿಯಲ್ಲಿ ತೀರಿಕೊಂಡವರು. ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಅವರ ಮೊದಲ ಕಾದಂಬರಿ. ಧಾರಾವಾಹಿ ಎಂದು ನಾನು ಬಾಯಿಬಿಡಲಿಲ್ಲ, ಎಂಟು ವಾರದ ಲೆಕ್ಕ ಶುರುವಾದರೆ ಕಷ್ಟ. ಅಪ್ಪನ ಹಟಕ್ಕೆ ಸಿಕ್ಕಿ ಗಂಡನಿಂದಲೂ ಮಗುವಿನಿಂದಲೂ ದೂರವಾಗುವ ನಾದಿರಾಳ ಕಥೆ. ಮೊದಲ ದಿನ ಅಮ್ಮ ಕೈ ಎತ್ತಲಿಲ್ಲ. ಎರಡನೆಯ ದಿನ ನಾನು ಬರುವಾಗ ಅವಳೇ ಪುಸ್ತಕ ತೆಗೆದು ಸ್ಟೂಲಿನ ಮೇಲೆ ಇಟ್ಟಿದ್ದಳು. ಓದಿ ಓದಿ ನನ್ನ ಗಂಟಲು ಕಟ್ಟಿತು, ನೀರು ತಂದುಕೊಟ್ಟು “ಮತ್ತೆ?” ಅಂದಳು. ಮುಗಿದ ರಾತ್ರಿ ಸ್ವಲ್ಪ ಹೊತ್ತು ಸುಮ್ಮನೆ ಕೂತು, “ಇವಳೂ ಅಳುತ್ತಾಳೆ. ಆದರೆ ಇವಳಿಗೆ ಕಾರಣ ಉಂಟು” ಅಂದಳು. ಮದ್ದಿನ ಹೊತ್ತು ದಾಟಿ ಹೋಗಿತ್ತು, ಇಬ್ಬರಿಗೂ ನೆನಪಾಗಲಿಲ್ಲ.

ತಿಂಗಳು ಮುಗಿಯುವ ಹೊತ್ತಿಗೆ ಹೊಸ ಕನ್ನಡಕ ಬಂತು. ಊರಿಗೆ ಹೊರಡುವ ದಿನ ಬೆಳಿಗ್ಗೆ ಅಮ್ಮ ಅದನ್ನು ಹಾಕಿಕೊಂಡು ಬಾಗಿಲ ಹತ್ತಿರದ ಬೆಳಕಿಗೆ ಪೇಪರು ಹಿಡಿದಳು. ಸ್ಥಳೀಯ ಪುಟದಲ್ಲಿ ನನ್ನದೊಂದು ವರದಿ ಇತ್ತು, ನೀರಿನ ಪೈಪಿನ ಬಗ್ಗೆ, ಮೂರು ಕಾಲಂ. ಕಷ್ಟಪಟ್ಟು ಬರೆದದ್ದು, ನಾಲ್ಕು ಸಲ ಸ್ಥಳಕ್ಕೆ ಹೋಗಿದ್ದೆ. ಹೆಸರು ನೋಡಿ ಬೆರಳಿಟ್ಟು ಓದತೊಡಗಿದಳು. ನಾನು ಚೀಲ ಕಟ್ಟುವ ನೆಪದಲ್ಲಿ ನೋಡುತ್ತಿದ್ದೆ. ಎರಡು ಪ್ಯಾರಾ ಆಯಿತು. ಪುಟ ತಿರುಗಿಸಿ ಶ್ರದ್ಧಾಂಜಲಿಯ ಫೋಟೊಗಳಿಗೆ ಹೋದಳು.

“ಪೂರ್ತಿ ಓದಲಿಲ್ವಾ ಅಮ್ಮ?”

“ಗೊತ್ತಾಯ್ತಲ್ಲ” ಅಂದಳು, ತಲೆ ಎತ್ತದೆ.