ಅಂಗಳದ ಹಿಮ

ಬೆಳಗೆದ್ದು ಅಂಗಳ ಗುಡಿಸಿ ರಂಗೋಲಿ ಇಡುವ ನನಗೆ, ಆ ಕೆಲಸಕ್ಕೆ ಟ್ರ್ಯಾಕ್ಟರ್ ಬೇಕೆಂದಾಗ ನಗು ಬಂದಿತ್ತು. ಮಗಳ ಮನೆಯಿರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಒಂಟಾರಿಯೊ ಸರೋವರದ ಪೂರ್ವಕ್ಕಿರುವ ಟಗ್ ಹಿಲ್ ಸೀಮೆಯ ಹಳ್ಳಿಯಲ್ಲಿ. ಸರೋವರದ ತೇವ ಹೀರಿ ಬರುವ ಗಾಳಿಯಿಂದಾಗಿ ಅಲ್ಲಿ ಚಳಿಗಾಲವೊಂದರಲ್ಲೇ 200 ಅಂಗುಲಕ್ಕೂ ಹೆಚ್ಚು ಹಿಮ ಬೀಳುವುದುಂಟು. ಸರ್ಕಾರದ ಗಾಡಿ ರಸ್ತೆಯನ್ನಷ್ಟೇ ಸವರುತ್ತದೆ. ಮನೆಯಿಂದ ರಸ್ತೆಯವರೆಗಿನ ಜಲ್ಲಿ ದಾರಿ ಮನೆಯವರ ಪಾಲು.

ಸಣ್ಣ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಬ್ಲೇಡೇ ಸಾಕು, ಅಗ್ಗ ಎಂದು ಅಳಿಯಂದಿರು ತಂದಿದ್ದರು. ಅದು ಹಿಮವನ್ನು ಬದಿಗೆ ತಳ್ಳುತ್ತದೆ, ಅಷ್ಟೆ. ಜನವರಿಯ ಹೊತ್ತಿಗೆ ಎರಡೂ ಬದಿ ಗೋಡೆಯೆದ್ದು ತಳ್ಳಲು ಜಾಗವೇ ಉಳಿಯಲಿಲ್ಲ. ಅಳಿಯಂದಿರು ಊರಲ್ಲಿಲ್ಲದ ಒಂದು ಮುಂಜಾನೆ, ಆಸ್ಪತ್ರೆಯ ಪಾಳಿಗೆ ಹೊರಟ ಮಗಳು ಗಳಿಗೆಗೊಮ್ಮೆ ಹಿಂದಕ್ಕೆ ಕತ್ತು ಹೊರಳಿಸುತ್ತ ಹೆಣಗಿ, ಕೊನೆಗೆ ಸೀಟಿನಲ್ಲೇ ಕೂತು ಅತ್ತುಬಿಟ್ಟಳು.

ಆ ವಾರವೇ ಸ್ನೋಬ್ಲೋವರ್ ಕೊಳ್ಳಲು ಹೋದೆವು. ಎಂಜಿನ್ನಿನ ಬಲದಿಂದಲೇ ತಿರುಗಿ, ಹಿಮವನ್ನು ಮೇಲೆತ್ತಿ ದೂರಕ್ಕೆ ಎಸೆಯುವ ಯಂತ್ರ ಅದು. ಹಿಂದೆ ಕಟ್ಟುವುದಕ್ಕೆ ಬೆಲೆ ಕಡಿಮೆ. ಆದರೆ ದಾರಿಯುದ್ದಕ್ಕೂ ಹಿಂದೆ ನೋಡುತ್ತಲೇ ರಿವರ್ಸ್ ಓಡಿಸಬೇಕು. ಮುಂದೆ ಕಟ್ಟುವುದು ದುಬಾರಿ. ಅಳಿಯಂದಿರು ಲೆಕ್ಕ ಹಾಕುತ್ತಿದ್ದರು. ನಾನು ತಡೆಯಲಾರದೆ, “ಕೂತು ಓಡಿಸುವವಳ ಕತ್ತನ್ನೂ ಒಂದು ಮಾತು ಕೇಳಿ” ಎಂದೆ.

ಮುಂದೆ ಕಟ್ಟುವುದೇ ಬಂತು. ಜಲ್ಲಿ ಸಿಡಿಯದಂತೆ ಅದನ್ನು ನೆಲದಿಂದ ಒಂದಂಗುಲ ಮೇಲಕ್ಕಿಟ್ಟು ಮಗಳೇ ಓಡಿಸಿದಳು. ನನಗೆ ನಮ್ಮಮ್ಮನ ನೆನಪಾಯಿತು. ಅವಳ ಒಲೆ, ಒರಳು ಎಲ್ಲವನ್ನೂ ಆರಿಸಿ ತಂದವರು ಅಪ್ಪ. ಬಾಗಿದ್ದು ಅವಳ ಬೆನ್ನು.